ಅಂಬಲಪಾಡಿಗೆ ಹತ್ತಿರದ ಲೈಪ್ಜಿಗ್

ಪರವೂರಿನವರು ಉಡುಪಿಯ ಅಂಬಲಪಾಡಿಗೆ ಬರುವುದು ಜನಾರ್ದನ-ಮಹಾಕಾಳಿ ದೇವಸ್ಥಾನಕ್ಕೆ, ಅದರಲ್ಲೂ ಶುಕ್ರವಾರ. ಅಂದು ಹೆದ್ದಾರಿಯ ಸರ್ಕಲಿನಲ್ಲಿ ಬಸ್ಸಿಳಿದವರು ದಾರಿ ಕೇಳಬೇಕಾಗಿಲ್ಲ. ಮಲ್ಲಿಗೆ ಹಿಡಿದವರ ಹಿಂದೆ ನಡೆದರಾಯಿತು. ನಾನೂ ಶುಕ್ರವಾರದ ಲೆಕ್ಕ ಹಿಡಿದೇ ಹೊರಟವನು. ಆದರೆ ಅದು ಏಪ್ರಿಲ್ ತಿಂಗಳ ಶುಭ ಶುಕ್ರವಾರ. ನಾನು ಹುಡುಕಿಕೊಂಡು ಹೋದದ್ದು 1750ರಲ್ಲಿ ತೀರಿಹೋದ ಒಬ್ಬ ಜರ್ಮನ್ ಸಂಗೀತಗಾರನನ್ನು.

ಕಾರಣ ಒಂದು ಮಾತು. ಅಂಬಲಪಾಡಿಯ ನನ್ನ ಗೆಳೆಯ ಬೆಂಗಳೂರಿಗೆ ಬಂದಾಗ ನಮ್ಮ ಮನೆಯಲ್ಲೇ ಉಳಿಯುವವನು. ಒಂದು ಭಾನುವಾರ ನಾನು ಯೋಹಾನ್ ಸೆಬಾಸ್ಟಿಯನ್ ಬಾಖ್‌ನ ‘ಮತ್ತಾಯನ ಪ್ಯಾಶನ್’ ಹಾಕಿಕೊಂಡು ಕೂತಿದ್ದೆ. ಯೇಸುವಿನ ಕೊನೆಯ ದಿನಗಳ ಕಥೆಯನ್ನು ಸುವಾರ್ತೆಯ ಮಾತಿನಲ್ಲೇ ಹೇಳುತ್ತ ಹೋಗುವ, ಹೆಚ್ಚುಕಡಿಮೆ ಮೂರು ಗಂಟೆಯ ಕೃತಿ. ಎರಡು ಗಾಯನ ತಂಡ, ಎರಡು ವಾದ್ಯಮೇಳ. ನನ್ನ ಪಾಲಿಗೆ ಅದು ಹಿಮಾಲಯದ ಸಾಲಿನದು. ದೂರ ನಿಂತು ನೋಡಬೇಕಾದದ್ದು. ಗೆಳೆಯ ಚಹಾ ಕುಡಿಯುತ್ತಿದ್ದವನು ನಡುವೆ ತಲೆಯೆತ್ತಿ, “ಇದು ನಮ್ಮ ಅಮ್ಮ ಅಡುಗೆ ಮಾಡ್ತಾ ಹಾಡುದಲ್ವಾ ಮಾರಾಯ? ತುಳುವಿನಲ್ಲಿ!” ಎಂದ.

ಅವನಿಗೆ ಬಾಖ್ ಯಾರೆಂದು ಗೊತ್ತಿರಲಿಲ್ಲ. ನನಗೆ ಉಡುಪಿ ಯಾವುದೆಂದು ಗೊತ್ತಿಲ್ಲ ಎಂದು ಆ ಕ್ಷಣ ಅನ್ನಿಸಿತು. ಅಷ್ಟಮಠ, ರಥಬೀದಿ, ಮಸಾಲೆದೋಸೆ, ಮಲ್ಪೆಯ ಕಡಲು, ಮಣಿಪಾಲದ ಕಾಲೇಜುಗಳು ಎಂದು ನಾನು ಪಟ್ಟಿ ಮುಗಿಸಿಟ್ಟ ಊರಿನಲ್ಲಿ ಲೈಪ್ಜಿಗ್ ಪಟ್ಟಣದ ಪ್ರಾರ್ಥನೆಯೊಂದು ಒಗ್ಗರಣೆಯ ಸದ್ದಿನ ಜೊತೆ ಬದುಕಿದೆಯಂತೆ. ನೋಡಲೇಬೇಕಿತ್ತು.

ಗೆಳೆಯ ಗುರುತು ಹಿಡಿದ ಆ ರಾಗದ ಜಾತಕವೇ ವಿಚಿತ್ರ. ಉಡುಪಿಯ ಯತಿ ವಾದಿರಾಜರು ಸೋದೆಯಲ್ಲಿ ವೃಂದಾವನಸ್ಥರಾದದ್ದು 1600ರಲ್ಲಿ ಎಂದು ಸಂಪ್ರದಾಯ ಹೇಳುತ್ತದೆ. ಮರುವರ್ಷ, 1601ರಲ್ಲಿ, ನ್ಯೂರೆಂಬರ್ಗ್‌ನಲ್ಲಿ ಹಾನ್ಸ್ ಲಿಯೊ ಹಾಸ್ಲರ್ ಎಂಬ ಸಂಗೀತಗಾರ ಒಂದು ಹಾಡಿನ ಪುಸ್ತಕ ಅಚ್ಚು ಹಾಕಿಸಿದ. ಅದರಲ್ಲಿತ್ತು ಈ ರಾಗ, ಹುಡುಗಿಯೊಬ್ಬಳಿಗೆ ಮನಸೋತು ತಳಮಳಿಸುವವನ ಹಾಡಾಗಿ. ಅರ್ಧ ಶತಮಾನ ಕಳೆದು ಕೆಲವೇ ವರ್ಷಗಳಲ್ಲಿ ಪ್ರೇಮಿ ಹೊರಗೆ ಹೋದ, ಶಿಲುಬೆಯ ಮೇಲಿನ ಯೇಸು ಒಳಗೆ ಬಂದ. 1656ರಲ್ಲಿ ಪಾಲ್ ಗೆರ್ಹಾರ್ಟ್ ಎಂಬ ಪಾದ್ರಿ-ಕವಿ ಹಳೆಯದೊಂದು ಲ್ಯಾಟಿನ್ ಕವನದ ಜಾಡಿನಲ್ಲಿ, ಮುಳ್ಳಿನ ಕಿರೀಟ ತೊಟ್ಟ ತಲೆಯನ್ನು ನೋಡಿ ಮರುಗುವ ಹಾಡು ಬರೆದ. ಅದು ಈ ರಾಗಕ್ಕೆ ಅಂಟಿಕೊಂಡು ಮತ್ತೆ ಬಿಡಲಿಲ್ಲ. 1727ರ ಏಪ್ರಿಲ್ 11, ಶುಭ ಶುಕ್ರವಾರ, ಲೈಪ್ಜಿಗ್‌ನ ಸಂತ ತೋಮಸರ ದೇವಾಲಯದಲ್ಲಿ ಬಾಖ್ ತನ್ನ ಪ್ಯಾಶನ್ ಹಾಡಿಸಿದಾಗ ಇದೇ ರಾಗವನ್ನು ಐದು ಸಲ ತಂದ. ರಾಗ ಅದೇ, ಕೆಳಗಿನ ಮೂರು ದನಿಗಳ ನಡೆ ಮಾತ್ರ ಸಂದರ್ಭಕ್ಕೆ ತಕ್ಕಂತೆ ಬೇರೆ. ಯೇಸು ಪ್ರಾಣ ಬಿಟ್ಟ ಮೇಲೆ ಕೊನೆಯ ಸಲ ಬರುವಾಗ ಆ ಮೂರು ದನಿಗಳು ಹಿಡಿಯುವ ಕತ್ತಲ ದಾರಿ ಕೇಳಿದವರಿಗೇ ಗೊತ್ತು.

ಅಂದಹಾಗೆ, ಬಾಖ್ ಹುಟ್ಟಿದ್ದು 1685. ನಮ್ಮ ವಿಜಯದಾಸರು 1682. ಹೋದದ್ದೂ ಐದೇ ವರ್ಷದ ಅಂತರದಲ್ಲಿ. ಒಬ್ಬರು ಸುಳಾದಿಗಳನ್ನು, ಇನ್ನೊಬ್ಬರು ಕ್ಯಾಂಟಾಟಾಗಳನ್ನು ರಾಶಿ ರಾಶಿ ರಚಿಸಿ ದೇವರ ಪಾದಕ್ಕೆ ಸುರಿಯುತ್ತಿದ್ದ ಕಾಲ ಒಂದೇ. ಪಾಶ್ಚಾತ್ಯರು ‘ಬರೋಕ್’ ಎಂದು ಕರೆಯುವ, ಸುಮಾರು 1600ರಿಂದ 1750ರವರೆಗಿನ ಅವಧಿಯನ್ನು ನಾನು ಯಾವತ್ತೂ ಈ ಕಡೆಯಿಂದ ನೋಡಿರಲಿಲ್ಲ.

ಅಂಬಲಪಾಡಿಯ ಮನೆ ಹೆದ್ದಾರಿಯಿಂದ ಒಳಗೆ, ಕಿದಿಯೂರಿನ ಕಡೆಗೆ ಹೋಗುವ ದಾರಿಯ ಬದಿಯಲ್ಲಿ. ಹಂಚಿನ ಮಾಡು, ಮುಂದೆ ಜಗಲಿ, ಹಿತ್ತಲಲ್ಲಿ ಗೇರುಮರ. ಗೆಳೆಯನ ಅಮ್ಮ ನಿವೃತ್ತ ಟೀಚರು. “ಬಾ ಮಗಾ, ಸೆಕೆ ಹೇಗುಂಟು ನೋಡು, ಮೊದಲು ಬೊಂಡ ಕುಡಿ” ಎಂದು ಕೂರಿಸಿ ಒಳಗೆ ಹೋದರು. ಸ್ವಲ್ಪ ಹೊತ್ತಿಗೆ ಅಡುಗೆಮನೆಯಿಂದ ಹಾಡು ಕೇಳಿಸಿತು. ಕಿವಿ ನೆಟ್ಟಗೆ ಮಾಡಿದೆ. ಅದು ಆ ರಾಗವೇ ಅಲ್ಲ! ಎರಡು ಮೂರು ಸ್ವರಗಳ ನಡುವೆಯೇ ಸುಳಿದಾಡುವ, ಎಲ್ಲಿಗೂ ಹೋಗದ ಒಂದು ನಡೆ. ಗೆಳೆಯನ ಮುಖ ನೋಡಿದೆ. ಅವನು ನಕ್ಕು, ಕೂತಲ್ಲಿಂದಲೇ ಬಾಯಿ ತೆರೆದ. ಅವನ ದನಿಯಲ್ಲಿ ಹಾಸ್ಲರನ ರಾಗ ಎದ್ದು ಬಂತು, ಮತ್ತು ಒಳಗಿನ ಆ ಅರ್ಥವಿಲ್ಲದ ನಡೆ ತಟ್ಟನೆ ಅದರ ಕೆಳಗೆ ಹೋಗಿ ನಿಂತಿತು. ಎರಡು ಕೋಣೆ, ಎರಡು ದನಿ, ಒಂದು ಹಾಡು. ನನ್ನ ತೋಳಿನ ರೋಮ ನೆಟ್ಟಗಾಯಿತು.

“ನನ್ನದು ಆಲ್ಟೊ,” ಎಂದರು ಅಮ್ಮ, ಸೆರಗಿಗೆ ಕೈ ಒರೆಸುತ್ತ ಹೊರಗೆ ಬಂದು. “ಮದುವೆಗೆ ಮೊದಲಿಂದ ಅದೇ ಹಾಡುದು. ರಾಗ ನಮಗೆ ಸಿಗುದೇ ಇಲ್ಲ, ಅದು ಸೊಪ್ರಾನೊದವರಿಗೆ. ಆದ್ರೆ ನಾವು ಇಲ್ಲದಿದ್ರೆ ಅವರದ್ದು ಬೋಳು ಬೋಳು ಕಾಣ್ತದೆ.”

ಬೆಂಗಳೂರಿನಲ್ಲಿ ಎಷ್ಟು ಸಲ ಕೇಳಿದ್ದರೂ ಹೆಂಗಸರ ಕೆಳದನಿಯಾದ ಆಲ್ಟೊವನ್ನು ನಾನು ಬೇರೆಯಾಗಿ ಕೇಳಿಯೇ ಇರಲಿಲ್ಲ. ರಾಗ ಎಲ್ಲಿದೆಯೋ ಅಲ್ಲಿಗೆ ಕಿವಿ ಓಡುತ್ತಿತ್ತು. ಇಲ್ಲಿ ಒಬ್ಬರು ಆಯುಷ್ಯವಿಡೀ ರಾಗದ ಕೆಳಗಿನ ಆ ಒಂದು ನಡೆಯನ್ನೇ ಹಾಡುತ್ತ, ಅದನ್ನೇ ಹಾಡು ಎಂದು ಪ್ರೀತಿಸುತ್ತ ಬಂದಿದ್ದಾರೆ.

ಸಂಜೆ ಅಭ್ಯಾಸಕ್ಕೆ ಅವರ ಜೊತೆ ಉಡುಪಿಯ ಮಿಷನ್ ಕಾಂಪೌಂಡಿಗೆ ಹೋದೆ. ಅಂಬಲಪಾಡಿಯಿಂದ ರಿಕ್ಷಾ ಹತ್ತಿದರೆ ಮಾತು ಮುಗಿಯುವುದರೊಳಗೆ ಬಂದುಬಿಡುವ ದೂರ. ಜನ ಇವತ್ತಿಗೂ ‘ಮಿಷನ್ ಆಸ್ಪತ್ರೆ’ ಎನ್ನುವ ಲೊಂಬಾರ್ಡ್ ಸ್ಮಾರಕ ಆಸ್ಪತ್ರೆ ಇದೇ ವಠಾರದ್ದು. ಸ್ವಿಟ್ಜರ್ಲೆಂಡಿನ ಡಾಕ್ಟರ್ ಇವಾ ಲೊಂಬಾರ್ಡ್ 1923ರಲ್ಲಿ ಕಟ್ಟಿದ್ದು. ಉಡುಪಿಯ ಎಷ್ಟೋ ಮನೆಗಳಲ್ಲಿ ಅಜ್ಜಿ, ಅಮ್ಮ, ಮಗಳು ಮೂವರೂ ಹುಟ್ಟಿದ ಆಸ್ಪತ್ರೆ.

ಬಾಸೆಲ್ ಮಿಷನ್ ಎಂಬ ಪಾದ್ರಿಗಳ ಸಂಘ ಉಡುಪಿಗೆ ಬಂದದ್ದು 1854ರಲ್ಲಿ. ಮಂಗಳೂರಿಗೆ ಅದಕ್ಕೂ ಇಪ್ಪತ್ತು ವರ್ಷ ಮೊದಲು, 1834ರ ಅಕ್ಟೋಬರ್ ಕೊನೆಯಲ್ಲಿ, ಹೆಬಿಕ್, ಲೇನರ್, ಗ್ರೈನರ್ ಎಂಬ ಮೂವರು ಇಳಿದಿದ್ದರು. ಸಂಘದ ಹೆಸರು ಸ್ವಿಟ್ಜರ್ಲೆಂಡಿನ ಬಾಸೆಲ್ ಪಟ್ಟಣದ್ದಾದರೂ ಬಂದವರಲ್ಲಿ ಬಹುಮಂದಿ ದಕ್ಷಿಣ ಜರ್ಮನಿಯ ವುರ್ಟೆಂಬರ್ಗ್ ಸೀಮೆಯ ಹಳ್ಳಿಗಾಡಿನ ಮಕ್ಕಳು, ಭಕ್ತಿಪಂಥದ ಮನೆತನದವರು. ಅಲ್ಲೊಂದು ಸ್ವಾರಸ್ಯ ಇದೆ. ಬಾಖ್ ಸತ್ತ ಮೇಲೆ ಅವನ ಪ್ಯಾಶನ್ ಕಪಾಟು ಸೇರಿ, ಅದನ್ನು ಮೆಂಡೆಲ್ಸನ್ ಎಂಬ ಇಪ್ಪತ್ತರ ಹುಡುಗ ಬರ್ಲಿನ್‌ನಲ್ಲಿ ಮತ್ತೆ ಹಾಡಿಸಿದ್ದು 1829ರಲ್ಲಿ. ಮಂಗಳೂರಿನ ಹಡಗು ಹೊರಡುವ ಐದು ವರ್ಷ ಮೊದಲು. ಎಂದರೆ ಈ ಹಳ್ಳಿಯ ಹುಡುಗರಿಗೆ ಬಾಖ್‌ನ ಪರಿಚಯ ಇದ್ದಿರಬೇಕಾದ ಅಗತ್ಯವೇ ಇಲ್ಲ. ಅವರು ತಂದದ್ದು ಬಾಖ್‌ನ ಸಂಗೀತವನ್ನಲ್ಲ, ಬಾಖ್ ಯಾವುದರ ಮೇಲೆ ತನ್ನ ಗೋಪುರ ಎತ್ತಿದನೋ ಆ ಅಡಿಗಲ್ಲನ್ನು: ಹಳ್ಳಿಯ ಸಭೆ ಎದ್ದು ನಿಂತು ಹಾಡುವ ‘ಕೋರಲ್’ ಎಂಬ ಸರಳ ಹಾಡನ್ನು. ಹದಿನಾರನೆಯ ಶತಮಾನದಲ್ಲಿ ಲೂಥರ್ ದೇವರ ಹಾಡನ್ನು ಲ್ಯಾಟಿನ್ ಕಲಿತ ಗಾಯಕರ ಕೈಯಿಂದ ಬಿಡಿಸಿ ಜನರ ನುಡಿಗೆ ತಂದಾಗ ಬೆಳೆದ ಬೆಳೆ ಅದು. ಸಣ್ಣ ಸಣ್ಣ ಸಾಲು, ಪ್ರತಿ ಸಾಲಿನ ಕೊನೆಗೆ ಉಸಿರಿಗೊಂದು ನಿಲುಗಡೆ, ಯಾರೂ ಹಾಡಬಹುದಾದ ಎತ್ತರ.

ಇಂಥ ಹಾಡುಗಳನ್ನು ಕನ್ನಡಕ್ಕೂ ತುಳುವಿಗೂ ತರುವಾಗ ಅವರು ಪಟ್ಟ ಪಾಡು ಅಭ್ಯಾಸದ ಕೋಣೆಯಲ್ಲಿ ಇವತ್ತಿಗೂ ಕೇಳಿಸುತ್ತದೆ. ಜರ್ಮನ್ ಹಾಡು ನಡೆಯುವುದು ಒತ್ತಿನ ಮೇಲೆ. ನಮ್ಮದು ಗುರು-ಲಘುಗಳ ಮೇಲೆ. ರಾಗದ ತುಂಡು ಸ್ವರಕ್ಕೆ ಕನ್ನಡದ ದೀರ್ಘಾಕ್ಷರ ಬಂದು ಕೂತರೆ ಒಂದೋ ಅಕ್ಷರ ಕುಗ್ಗಬೇಕು, ಇಲ್ಲ ಸ್ವರ ಹಿಗ್ಗಬೇಕು. ಫರ್ಡಿನಾಂಡ್ ಕಿಟ್ಟೆಲ್ ಈ ಇಕ್ಕಟ್ಟು ಚೆನ್ನಾಗಿ ಅರಿತವರು. 1894ರ ನಿಘಂಟಿನಿಂದ ಮಾತ್ರ ಅವರನ್ನು ಬಲ್ಲ ನಾವು, ಅವರು 1862ರಲ್ಲೇ ‘ಕಥಾಮಾಲೆ’ ಎಂದು ಯೇಸುವಿನ ಕಥೆಯನ್ನು ಈ ನೆಲದ ಛಂದಸ್ಸಿನಲ್ಲಿ ಬರೆದದ್ದನ್ನೂ, 1875ರಲ್ಲಿ ನಾಗವರ್ಮನ ಛಂದೋಗ್ರಂಥವನ್ನು ಸಂಪಾದಿಸಿದ್ದನ್ನೂ ಮರೆಯುತ್ತೇವೆ. ಇಲ್ಲಿನ ಹಾಡುಗಾರರು ಕಿಟ್ಟೆಲರಿಗೆ ಕಾದು ಕೂರಲಿಲ್ಲ. ಅಕ್ಷರ ಉದ್ದವಾದಲ್ಲಿ ಸ್ವರದ ಮೇಲೆ ಒಂದು ಸಣ್ಣ ಜಾರು ಕೊಡುತ್ತಾರೆ. ಗಮಕ ಎನ್ನುವಷ್ಟು ದೊಡ್ಡದಲ್ಲ. ಆದರೆ ಲೈಪ್ಜಿಗ್‌ನಲ್ಲಿ ಯಾರೂ ಹಾಗೆ ಹಾಡಲಾರರು. ಶುದ್ಧವಾದಿಗಳಿಗೆ ಅದು ಕಿರಿಕಿರಿ ಆದೀತು. ನನಗಂತೂ ರಾಗ ಈ ಊರಿನ ನೀರು ಕುಡಿದದ್ದು ಆ ಜಾರಿನಲ್ಲೇ ಗೊತ್ತಾಯಿತು.

ಕೋಣೆಯಲ್ಲಿದ್ದವರು ಯಾರು? ಒಬ್ಬ ಬ್ಯಾಂಕ್ ಕ್ಯಾಷಿಯರ್, ಆಸ್ಪತ್ರೆಯ ಇಬ್ಬರು ನರ್ಸುಗಳು, ಮಣಿಪಾಲದಲ್ಲಿ ಓದುವ ಹುಡುಗಿಯರು, ಮಲ್ಪೆ ಬಂದರಿನಲ್ಲಿ ಬೋಟಿನ ಇಂಜಿನ್ ರಿಪೇರಿ ಮಾಡುವ ಒಬ್ಬರು, ನಿವೃತ್ತಿಯಾದ ಮೇಷ್ಟ್ರುಗಳು. ಮೂಲೆಯಲ್ಲಿ ಕಾಲಿನಿಂದ ಒತ್ತುವ ಹಳೆಯ ಹಾರ್ಮೋನಿಯಂ ಒಂದಿತ್ತು, ಅದರ ತಿದಿ ಹರಿದಿತ್ತು. ಈಗ ನುಡಿಸುವುದು ಕೀಬೋರ್ಡ್. ಗುಂಡಿ ಒತ್ತಿದರೆ ಆರ್ಗನ್ನಿನ ದನಿ ಬರುತ್ತದೆ. ಸ್ವರಲಿಪಿ ಓದಬಲ್ಲವರು ಕಡಿಮೆ. ಉಳಿದವರು ಪಕ್ಕದವರ ಬಾಯಿಗೆ ಕಿವಿಕೊಟ್ಟು ಕಲಿತವರು, ಆ ಪಕ್ಕದವರು ಇನ್ಯಾರದೋ ಪಕ್ಕದಲ್ಲಿ ನಿಂತು ಕಲಿತವರು. ಯಕ್ಷಗಾನದ ಭಾಗವತಿಕೆ ಬಂದದ್ದೂ ಹೀಗೇ ಅಲ್ಲವೇ.

ಕ್ವಾಯರ್ ಮಾಸ್ಟ್ರ ತಲೆನೋವು ಒಂದೇ: ಟೆನರ್, ಗಂಡಸರ ಮೇಲಿನ ದನಿ. “ಗಂಡು ಹುಡುಗರ ದನಿ ಸರಿಯಾಗಿ ಕೂರುವ ಹೊತ್ತಿಗೆ ದುಬೈಗೆ ಹೋಗ್ತಾರೆ ಮಾರಾಯ್ರೆ. ದೋಹಾದಲ್ಲಿ ನಮ್ಮ ಟೆನರಿನವರು ಎಷ್ಟು ಜನ ಉಂಟು ಗೊತ್ತುಂಟಾ? ಅಲ್ಲಿ ಒಂದು ಒಳ್ಳೆ ಕ್ವಾಯರ್ ಆದೀತು.” ಸೊಪ್ರಾನೊ ಹುಡುಗಿಯರು ನಕ್ಕರು. ಅವರಲ್ಲಿ ಅರ್ಧ ಜನವೂ ಹೊರಡುವ ತಯಾರಿಯಲ್ಲಿರುವವರೇ.

ಅಭ್ಯಾಸ ಶುರುವಾಯಿತು. ಮೊದಲು ಬೇಸ್ ಒಂದೇ. ಮೂರು ಮಂದಿ ಗಂಡಸರು ಕೆಳಗಿನಿಂದ ಮೆಟ್ಟಿಲು ಹತ್ತಿ ಇಳಿದಂತೆ ಹಾಡಿದರು. ಆಮೇಲೆ ಟೆನರ್, ಆಲ್ಟೊ. ಒಂದೊಂದೇ ಕೇಳುವಾಗ ಯಾವುದೂ ಹಾಡಲ್ಲ. ನಾಲ್ಕೂ ಸೇರಿ ಮೊದಲ ಸಾಲು ಬಂದಾಗ ಕೋಣೆ ದೊಡ್ಡದಾಯಿತು. ಇದನ್ನು ಏಕದನಿಯ ಸಂಗೀತದಲ್ಲಿ ಬೆಳೆದ ನನ್ನಂಥವನಿಗೆ ವಿವರಿಸುವುದು ಕಷ್ಟ. ಭಜನೆಯಲ್ಲಿ ಒಬ್ಬರು ಹೇಳುತ್ತಾರೆ, ಉಳಿದವರು ಅದನ್ನೇ ಹಿಂದೆ ಹೇಳುತ್ತಾರೆ. ಇಡೀ ಗುಂಪು ಒಂದು ದನಿಯಾಗುವುದೇ ಅಲ್ಲಿನ ಆನಂದ. ಇಲ್ಲಿ ಯಾರೂ ಇನ್ನೊಬ್ಬರ ಹಾಗೆ ಹಾಡಬಾರದು, ಆದರೂ ಒಂದಾಗಬೇಕು. ವಿರಾಮದಲ್ಲಿ ಇದನ್ನೇ ಕೇಳಿದ್ದಕ್ಕೆ ಮಲ್ಪೆಯ ಇಂಜಿನ್ ರಿಪೇರಿಯವರು, “ನೀವು ಕೈರಂಪಣಿ ನೋಡಿದ್ದೀರಾ?” ಎಂದರು. ದಡದಿಂದ ಬಲೆ ಎಳೆಯುವ ಹಳೆಯ ಪದ್ಧತಿ. “ಆ ಕಡೆ ಹಗ್ಗ ಹಿಡಿದವ ಈ ಕಡೆಯವನ ಹಾಗೆ ಎಳೆಯುದಲ್ಲ. ಅವನ ಜಾಗ ಬೇರೆ, ಅಲೆ ಬೇರೆ. ಆದ್ರೆ ಒಬ್ಬ ಸಡಿಲ ಬಿಟ್ರೂ ಮೀನು ಹೋಯ್ತು. ಇದೂ ಅದೇ.” ನಾನು ಈ ಬಗ್ಗೆ ಓದಿದ್ದ ಪುಸ್ತಕಗಳಲ್ಲಿ ಇಷ್ಟು ಚೆನ್ನಾಗಿ ಯಾರೂ ಹೇಳಿರಲಿಲ್ಲ.

ಅವರ ಮುತ್ತಜ್ಜ ಮಲ್ಪೆಯ ಹಂಚಿನ ಕಾರ್ಖಾನೆಯಲ್ಲಿ ದುಡಿದವರಂತೆ. ಮಂಗಳೂರಿನ ಜೆಪ್ಪುವಿನಲ್ಲಿ 1865ರಲ್ಲಿ ಹಂಚು ಸುಡಲು ಆರಂಭಿಸಿದ ಬಾಸೆಲ್ ಮಿಷನ್ 1886ರಲ್ಲಿ ಮಲ್ಪೆಗೂ ಬಂತು. ಮತಾಂತರವಾಗಿ ಜಾತಿ, ಕಸುಬು, ಭೂಮಿ ಎಲ್ಲ ಕಳೆದುಕೊಂಡವರಿಗೆ ಕೂಲಿ ಕೊಡಲು ಹುಟ್ಟಿದ ಕಾರ್ಖಾನೆಗಳು ಅವು. ಹಗಲು ಜೇಡಿಮಣ್ಣು, ಭಾನುವಾರ ನಾಲ್ಕು ದನಿ. ಬಿಲ್ಲವ, ಮೊಗವೀರ ಮನೆತನಗಳಿಂದ ಬಂದ ಜನ, ತುಳು ಜನಪದದ ಪಾಡ್ದನ ಕೇಳಿ ಬೆಳೆದ ಕಿವಿಗಳು, ಒಂದೆರಡು ತಲೆಮಾರಿನಲ್ಲಿ ಬರೋಕ್ ಕಾಲದ ಸ್ವರಸಂಗತಿಯನ್ನು ತಮ್ಮದು ಮಾಡಿಕೊಂಡದ್ದು ಹೇಗೆ ಎಂದು ನಾನು ಬೆರಗಾಗುತ್ತಲೇ ಇದ್ದೇನೆ. ಹೇರಿದ್ದು ಎಂದು ಸುಲಭವಾಗಿ ಹೇಳಿಬಿಡಬಹುದು. ಆದರೆ 1914ರಲ್ಲಿ ಯುದ್ಧ ಬಂತು, ಜರ್ಮನರು ಶತ್ರುದೇಶದವರಾದರು. ಬ್ರಿಟಿಷ್ ಸರಕಾರ ಅವರನ್ನು ಬಂಧನದಲ್ಲಿಟ್ಟು ಆಮೇಲೆ ಊರಿಗೆ ಕಳಿಸಿತು, ಕಾರ್ಖಾನೆಗಳನ್ನು ಕೈವಶ ಮಾಡಿಕೊಂಡಿತು. ಹೇರಿದವರು ಹೋದ ಮೇಲೆ ಹೇರಿದ್ದೂ ಉದುರಬೇಕಿತ್ತು. ಹಾಡು ಉದುರಲಿಲ್ಲ. ನೂರು ವರ್ಷದ ಮೇಲಾಯಿತು, ಇದು ಇಲ್ಲಿಯವರದೇ.

ಆ ಪಾದ್ರಿಗಳು ತಂದದ್ದು ಮಾತ್ರ ಅಲ್ಲ, ಒಯ್ದದ್ದೂ ಇದೆ. ಹೆರ್ಮನ್ ಮ್ಯೊಗ್ಲಿಂಗ್ ಎಂದರೆ 1843ರ ‘ಮಂಗಳೂರ ಸಮಾಚಾರ’ ನೆನಪಾಗುತ್ತದೆ. ಅವರೇ 1850ರಲ್ಲಿ ಮಂಗಳೂರಿನಲ್ಲಿ ದಾಸರ ಪದಗಳನ್ನು ಸಂಗ್ರಹಿಸಿ ಅಚ್ಚು ಹಾಕಿಸಿದರು. ಅಲ್ಲಿಯವರೆಗೆ ಬಾಯಲ್ಲೂ ಓಲೆಯಲ್ಲೂ ಇದ್ದ ಪುರಂದರ-ಕನಕರು ಮುದ್ರಿತ ಪುಸ್ತಕವಾದದ್ದು ಅಲ್ಲಿಂದ. ಹತ್ತು ವರ್ಷದ ನಂತರ ಕೆಲವು ಪದಗಳನ್ನು ಜರ್ಮನ್ ಭಾಷೆಗೂ ತಿರುಗಿಸಿ ತಮ್ಮ ದೇಶದ ವಿದ್ವತ್ ಪತ್ರಿಕೆಯಲ್ಲಿ ಪ್ರಕಟಿಸಿದರು. ಜರ್ಮನಿಯ ಸಭೆಯ ಹಾಡು ಉಡುಪಿಗೆ ಬಂದ ದಾರಿಯಲ್ಲೇ ಉಡುಪಿಯ ಕೃಷ್ಣನ ಹಾಡು ಜರ್ಮನಿಗೆ ಹೋಯಿತು. ಮ್ಯೊಗ್ಲಿಂಗರ ಉದ್ದೇಶ ಮತಪ್ರಚಾರವೇ, ಅದನ್ನು ಮುಚ್ಚಿಡಬೇಕಾಗಿಲ್ಲ. ಆದರೆ ಹಾಡು ಹಿಡಿದವರ ಮಾತನ್ನು ಹಾಡು ಯಾವಾಗಲೂ ಕೇಳುವುದಿಲ್ಲ.

ಗುರುವಾರ ಸಂಜೆ ಕಲ್ಯಾಣಪುರದ ಕಡೆ ಹೋದೆವು. ಅಲ್ಲಿನ ಮಿಲಾಗ್ರಿಸ್ ಇಗರ್ಜಿ ಶುರುವಾದದ್ದು 1678ರಲ್ಲಿ, ವೆನಿಸ್‌ನಲ್ಲಿ ಸಂಗೀತಗಾರ ವಿವಾಲ್ಡಿ ಹುಟ್ಟಿದ ವರ್ಷ. 2012ರಲ್ಲಿ ಉಡುಪಿ ಧರ್ಮಪ್ರಾಂತ್ಯ ಆದಾಗಿನಿಂದ ಅದು ಕೆಥೆಡ್ರಲ್. ಕೆಥೊಲಿಕರ ಲೋಕವೇ ಬೇರೆ: ಭಾಷೆ ಕೊಂಕಣಿ, ಸಂಗೀತ ಗೋವಾದ ದಾರಿಯಲ್ಲಿ ಬಂದದ್ದು. ಪವಿತ್ರ ವಾರದಲ್ಲಿ ಅವರು ಹಾಡುವ ‘ರಿಗ್ಲೊ ಜೆಜು ಮೊಳ್ಯಾಂತು’ ಹದಿನೆಂಟನೆಯ ಶತಮಾನದ್ದು. ರಚಿಸಿದವರು ಗೋವಾದ ಪಾದ್ರಿ ಜೊವಾಕಿಂ ಮಿರಾಂದ. ಕೆನರಾದಲ್ಲಿ ಸೇವೆಯಲ್ಲಿದ್ದಾಗ ಟಿಪ್ಪುವಿನ ಸೆರೆಗೆ ಸಿಕ್ಕವರು, ಸೆರೆಯಲ್ಲೇ ಇದನ್ನು ಕಟ್ಟಿದರು ಎಂದು ಹೇಳುತ್ತಾರೆ. ಯೇಸು ತನ್ನ ಕೊನೆಯ ರಾತ್ರಿ ತೋಟ ಹೊಕ್ಕ ಸನ್ನಿವೇಶ. ಬಾಖ್‌ನ ಬಳಿ ಇದ್ದದ್ದು ಊರಿನ ಆಯ್ದ ಹುಡುಗರ ತಂಡ. ಮಿರಾಂದರ ಬಳಿ, ಆ ಮಾತು ನಿಜವಾದರೆ, ಗೋಡೆಗಳು. ಆದರೂ ದುಃಖ ಇಳಿಯುವ ಮೆಟ್ಟಿಲು ಎರಡೂ ಕಡೆ ಒಂದೇ ರೀತಿ ಕೇಳಿಸಿತು. ಕಾರ್ಕಳದ ಅತ್ತೂರಿಗೂ ಹೋಗಬೇಕೆಂದಿತ್ತು. ಅಲ್ಲಿನ ಸಂತ ಲಾರೆನ್ಸರ ಪುಣ್ಯಕ್ಷೇತ್ರ 1759ರದು, ಸಂಗೀತಗಾರ ಹ್ಯಾಂಡೆಲ್ ತೀರಿಕೊಂಡ ವರ್ಷದ್ದು. ಇಷ್ಟು ಹೊತ್ತಿಗೆ ನನಗೆ ಇಸವಿಗಳ ಹುಚ್ಚು ಹಿಡಿದಿತ್ತು. ಗೆಳೆಯ ಕಾರಿನ ಕೀಲಿ ಕಿಸೆಗೆ ಹಾಕಿಕೊಂಡು, “ಸಾಕು, ಮನೆಗೆ ಹೋಗುವ” ಎಂದ.

ಶುಕ್ರವಾರ. ಬೆಳಿಗ್ಗೆ ಅಂಬಲಪಾಡಿಯ ದೇವಸ್ಥಾನದ ದಾರಿಯಲ್ಲಿ ಎಂದಿನ ಜನ, ಬಲಿವಾಡಿನ ಚೀಟಿ, ಚಪ್ಪಲಿಯ ರಾಶಿ. ಅದೇ ಹೊತ್ತಿಗೆ ನಾವು ಬಿಳಿ ಬಟ್ಟೆ ತೊಟ್ಟು ಆ ಜನರ ಎದುರಾಗಿ ನಡೆದು ರಿಕ್ಷಾ ಹತ್ತಿದೆವು. ಪರಿಚಯದ ಹೆಂಗಸೊಬ್ಬರು ಹೂವಿನ ತಟ್ಟೆ ಹಿಡಿದೇ ನಿಂತು, “ಇವತ್ತು ನಿಮ್ಮದು ಉಪವಾಸ ಅಲ್ವಾ ಟೀಚರ್?” ಎಂದು ವಿಚಾರಿಸಿದರು. “ಗಂಜಿ ಉಂಟು, ಮೂರು ಗಂಟೆಯ ಮೇಲೆ,” ಎಂದರು ಅಮ್ಮ.

ಮೂರು ತಾಸಿನ ಆರಾಧನೆ. ಶಿಲುಬೆಯ ಮೇಲಿಂದ ಯೇಸು ಆಡಿದ ಏಳು ಮಾತುಗಳು. ಪ್ರತಿ ಮಾತಿಗೂ ಮೊದಲು ವಾಕ್ಯ ಓದುವುದು, ಆಮೇಲೆ ಪ್ರಸಂಗ, ಆಮೇಲೆ ಹಾಡು. ಮೇಲೆ ಫ್ಯಾನುಗಳು ಗರಗರ ಸುತ್ತುತ್ತಿದ್ದವು. ಮಕ್ಕಳು ಬೆಂಚಿನ ಮೇಲೆ ನಿದ್ದೆ ಹೋದರು. ಮೂರನೆಯ ಮಾತಿನ ಹೊತ್ತಿಗೆ ನನಗೆ ಹೊಳೆಯಿತು: ಇದು ಬಾಖ್‌ನ ಪ್ಯಾಶನ್ನಿನ ಕಟ್ಟಡವೇ. ಕಥೆ ಸ್ವಲ್ಪ ದೂರ ಹೋಗುತ್ತದೆ, ನಿಲ್ಲುತ್ತದೆ, ಒಬ್ಬರು ಒಳಗೊಳಗೇ ಯೋಚಿಸುತ್ತಾರೆ, ಆಮೇಲೆ ಕೋರಲ್ ಬಂದು ಎಲ್ಲರ ಪರವಾಗಿ ಉತ್ತರ ಕೊಡುತ್ತದೆ. ಲೈಪ್ಜಿಗ್‌ನಲ್ಲೂ ಅದು ಕಛೇರಿಯಾಗಿರಲಿಲ್ಲ. ಶುಭ ಶುಕ್ರವಾರದ ಮಧ್ಯಾಹ್ನದ ಪ್ರಾರ್ಥನೆಯಾಗಿತ್ತು. ಎರಡು ಭಾಗಗಳ ನಡುವೆ ಪ್ರಸಂಗ ಇರುತ್ತಿತ್ತು. ನಾವು ಟಿಕೇಟು ಕೊಟ್ಟು ಸಭಾಂಗಣದಲ್ಲಿ ಕೇಳುವಾಗ ಪ್ರಸಂಗವನ್ನು ಬಿಟ್ಟಿದ್ದೇವೆ, ನಿದ್ದೆ ಹೋಗುವ ಮಕ್ಕಳನ್ನು ಬಿಟ್ಟಿದ್ದೇವೆ, ಬೆವರನ್ನು ಬಿಟ್ಟಿದ್ದೇವೆ. ಕೋರಲ್ ಬಂದಾಗ ಅದು ಇಂಪಾದ ವಿರಾಮವಾಗಿ ಮಾತ್ರ ಕೇಳಿಸುತ್ತದೆ. ಇಲ್ಲಿ ಗಂಟೆಗಟ್ಟಲೆ ಕೂತು, ಮರಣದ ಕಥೆ ಕೇಳಿ ಕೇಳಿ ಭಾರವಾದ ಜನ ಎದ್ದು ನಿಲ್ಲುವಾಗ ಬೆಂಚುಗಳು ಕಿರುಗುಟ್ಟುವ ಆ ಸದ್ದಿಗೇ ಅರ್ಧ ಉತ್ತರ ಸಿಕ್ಕಿರುತ್ತದೆ.

ಆಮೇಲೆ ಅದು ಬಂತು. ಕೀಬೋರ್ಡು ಒಂದು ಸಾಲು ನುಡಿಸಿ ನಿಂತಿತು. ಮುಂದೆ ನಿಂತ ತಂಡ ನಾಲ್ಕು ದನಿಯಲ್ಲಿ ಹಿಡಿಯಿತು, ಮತ್ತು ಹಿಂದಿನಿಂದ ಇಡೀ ಸಭೆ ಸೇರಿತು. ಯಾರು ಎಲ್ಲಿ ಕೂತಿದ್ದರೋ ಅಲ್ಲಿಂದಲೇ ಅವರವರ ದನಿ. ನನ್ನ ಪಕ್ಕದ ಮುದುಕರು ಪುಸ್ತಕ ತೆರೆಯಲಿಲ್ಲ; ಬೇಸ್ ಹಾಡಿದರು. ಹಿಂದಿನ ಬೆಂಚಿನಲ್ಲಿ ಯಾರೋ ಟೆನರ್. ದುಬೈಯಿಂದ ರಜೆಗೆ ಬಂದವನಿರಬೇಕು, ಮಾಸ್ಟ್ರು ಒಮ್ಮೆ ಕುತ್ತಿಗೆ ತಿರುಗಿಸಿ ನೋಡಿದರು. ನಿಧಾನ, ಬಹಳ ನಿಧಾನ. ಈಗಿನ ಬರೋಕ್ ತಜ್ಞರ ತಂಡಗಳು ಈ ಹಾಡನ್ನು ನಡೆದುಕೊಂಡು ಹೋಗುವ ವೇಗದಲ್ಲಿ ಮುಗಿಸುತ್ತವೆ. ಇಲ್ಲಿ ಹೊರೆ ಹೊತ್ತವರ ವೇಗ. ಸಾಲಿನ ಕೊನೆಯ ನಿಲುಗಡೆಯಲ್ಲಿ ಸಭೆ ಒಟ್ಟಿಗೆ ಉಸಿರೆಳೆದುಕೊಳ್ಳುವುದು ಕೇಳಿಸುತ್ತಿತ್ತು. ನಾಲ್ಕು ಶತಮಾನದ ಹಿಂದೆ ಒಬ್ಬ ಪ್ರೇಮಿಗೆ ಕಟ್ಟಿದ ರಾಗ ಎಷ್ಟು ಎದೆಗಳನ್ನು ಹಾದು ಇಲ್ಲಿಗೆ ಬಂದಿದೆ! ನಾನು ಕ್ರೈಸ್ತನಲ್ಲ, ದೊಡ್ಡ ಭಕ್ತನೂ ಅಲ್ಲ. ಆದರೂ ಎರಡನೆಯ ಪದ್ಯಕ್ಕೆ ನನ್ನ ಬಾಯಿ ತಾನಾಗಿ ತೆರೆಯಿತು. ಮುದುಕರು ನನ್ನ ಕಡೆಗೆ ತುಸು ವಾಲಿ, ಹಿಡಿಯಲು ಅನುಕೂಲವಾಗಲಿ ಎಂದು ತಮ್ಮ ಬೇಸ್ ಗಟ್ಟಿ ಮಾಡಿದರು.

ರಾತ್ರಿ ಅಂಬಲಪಾಡಿಯ ಬೀದಿಯಲ್ಲಿ ಎಲ್ಲಿಂದಲೋ ಭಜನೆ ಕೇಳಿಸಿತು. ತಾಳ, ಹಾರ್ಮೋನಿಯಂ. ಪ್ಯಾರಿಸ್‌ನಲ್ಲಿ 1842ರಲ್ಲಿ ಪೇಟೆಂಟ್ ಪಡೆದ ಆ ಪೆಟ್ಟಿಗೆ ಪಾದ್ರಿಗಳ ಜೊತೆ ಭಾರತಕ್ಕೆ ಬಂದು, ಕಲ್ಕತ್ತದಲ್ಲಿ ಕಾಲು ಕಳೆದುಕೊಂಡು ಕೈಪೆಟ್ಟಿಗೆಯಾಗಿ, ಈಗ ಭಜನಾ ಮಂದಿರದಲ್ಲಿ ಜೋರಾಗಿದೆ; ಅಭ್ಯಾಸದ ಕೋಣೆಯ ಅದರ ಅಕ್ಕ ಮೂಲೆಯಲ್ಲಿ ತಿದಿ ಹರಿದು ಕೂತಿದೆ.

ಭಾನುವಾರ ಮುಂಜಾನೆ, ಇನ್ನೂ ಕತ್ತಲಿರುವಾಗಲೇ, ಈಸ್ಟರ್ ಆರಾಧನೆ. ದುಃಖದ ನಿಧಾನವೆಲ್ಲ ಮಾಯ. ತಂಡ ಹ್ಯಾಂಡೆಲನ ‘ಹಲ್ಲೆಲೂಯಾ’ಕ್ಕೆ ಕೈಹಾಕಿತು. 1742ರ ಏಪ್ರಿಲ್‌ನಲ್ಲಿ ಡಬ್ಲಿನ್‌ನಲ್ಲಿ, ಆ ಹಾಡು ಇರುವ ‘ಮೆಸ್ಸಾಯಾ’ ಮೊದಲ ಸಲ ನಡೆದಾಗ ಜಾಗ ಸಾಲದೆಂದು ಹೆಂಗಸರಿಗೆ ಲಂಗದ ಬಳೆ ತೊಡಬೇಡಿ, ಗಂಡಸರಿಗೆ ಕತ್ತಿ ತರಬೇಡಿ ಎಂದು ಕೇಳಿಕೊಂಡಿದ್ದರಂತೆ. ಬಂದ ಹಣದಲ್ಲಿ ಸಾಲಕ್ಕೆ ಜೈಲು ಸೇರಿದ್ದವರನ್ನು ಬಿಡಿಸಿದರು. ಉಡುಪಿಯ ಟೆನರುಗಳು ಮೇಲಿನ ಸ್ವರಕ್ಕೆ ಸ್ವಲ್ಪ ಕುತ್ತಿಗೆ ಉದ್ದ ಮಾಡಬೇಕಾಯಿತು. ಒಂದು ಕಡೆ ಸೊಪ್ರಾನೊ ಅರ್ಧ ಮಾತ್ರೆ ಮೊದಲೇ ನುಗ್ಗಿ ನಿಂತಿತು. ಯಾರಿಗೂ ಅದರ ಪರಿವೆ ಇರಲಿಲ್ಲ. ಹೊರಗೆ ಬಂದಾಗ ಬೆಳಕಾಗಿತ್ತು, ಎಲ್ಲರೂ ಎಲ್ಲರ ಕೈ ಕುಲುಕುತ್ತಿದ್ದರು.

ಮಧ್ಯಾಹ್ನ ಕೋರಿ ರೊಟ್ಟಿಯ ಊಟ ಮುಗಿದ ಮೇಲೆ, ನನ್ನ ಫೋನಿನಲ್ಲಿದ್ದ ಬಾಖ್‌ನ ಪ್ಯಾಶನ್ನಿನ ಆ ತುಣುಕನ್ನು ಅಮ್ಮನಿಗೆ ಕೇಳಿಸಿದೆ. ಕಣ್ಣು ಮುಚ್ಚಿ ಕೇಳಿದರು. ಎರಡನೆಯ ಸಾಲಿಗೆ ತಾವೂ ಸೇರಿಕೊಂಡರು, ತುಳುವಿನಲ್ಲಿ, ಆಲ್ಟೊ. ಸ್ವಲ್ಪ ದೂರ ಎರಡೂ ಒಟ್ಟಿಗೆ ಹೋದವು. ಆಮೇಲೆ ಬಾಖ್‌ನ ಆಲ್ಟೊ ಒಂದು ಕಡೆ ಕೆಳಗೆ ಇಳಿಯಿತು. ಅಮ್ಮನದು ಇಳಿಯಲಿಲ್ಲ, ಇದ್ದಲ್ಲೇ ನಿಂತಿತು. ಎರಡು ಸ್ವರಗಳು ಒಂದಕ್ಕೊಂದು ಡಿಕ್ಕಿ ಹೊಡೆದವು. ಅವರು ಕಣ್ಣು ತೆರೆದರು.

“ಇಲ್ಲಿ ಅವರು ಬೇರೆ ಮಾಡಿದ್ದಾರೆ.”

“ಹೌದಮ್ಮ. ಅದು ಬಾಖ್ ಮಾಡಿದ್ದು.”

“ಚೆಂದ ಉಂಟು. ಆಲ್ಟೊದವರಿಗೆ ಒಳ್ಳೆ ಕೆಲಸ ಕೊಟ್ಟಿದ್ದಾರೆ.” ಮತ್ತೆ ಸ್ವಲ್ಪ ಕೇಳಿ, “ಸಭೆ ಎಲ್ಲಿ? ಇವರು ಮಾತ್ರ ಹಾಡುದಾ? ಕೂತ ಜನ ಯಾಕೆ ಸೇರುದಿಲ್ಲ?” ಎಂದರು.

ಲೈಪ್ಜಿಗ್‌ನ ಆ ಮಧ್ಯಾಹ್ನ ಸಭೆಯೂ ಸೇರಿ ಹಾಡಿತ್ತೇ, ಇಲ್ಲವೇ ಎಂಬುದರಲ್ಲಿ ವಿದ್ವಾಂಸರೇ ಒಮ್ಮತಕ್ಕೆ ಬಂದಿಲ್ಲ ಎಂದೆ. ಅಮ್ಮನಿಗೆ ಅದು ಉತ್ತರ ಎನ್ನಿಸಲಿಲ್ಲ.

“ಸೇರದೆ ಇರ್ತಾರಾ? ರಾಗ ಎಲ್ಲರಿಗೂ ಗೊತ್ತುಂಟಲ್ಲ. ನೀನೇ ಬಾಯಿ ಮುಚ್ಚಿ ಕೂತಿಯಾ ಮೊನ್ನೆ?” ಎಂದು ಫೋನನ್ನು ನನ್ನ ಕೈಗಿತ್ತರು. “ಇದನ್ನು ನನಗೆ ವಾಟ್ಸಾಪ್ ಮಾಡು. ಮಾಸ್ಟ್ರಿಗೆ ಕಳಿಸ್ತೇನೆ. ಬರುವ ವರ್ಷಕ್ಕೆ ಆ ಒಂದು ಜಾಗ ನಾವೂ ಇವರ ಹಾಗೆ ಇಳಿಸುವ, ಟೆನರು ಸಿಕ್ಕಿದ್ರೆ.”